ಅತ್ತೆಯ ಜೋಡಿ ಹಕ್ಕಿ ನೋಡಿದ ವರ್ಷ

ಮೊನ್ನೆ ಕೆಲಸದ ಮೇಲೆ ಕುಕನೂರಿಗೆ ಹೋಗಿದ್ದೆ. ನಾನು ಕೊಪ್ಪಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕುಕನೂರಿನಲ್ಲಿ ನಮ್ಮದೊಂದು ಸಣ್ಣ ಶಾಖೆ ಆಗಿದೆ, ಅಲ್ಲಿನ ಯಂತ್ರ ಕೆಟ್ಟಾಗಲೆಲ್ಲ ನನ್ನನ್ನೇ ಅಟ್ಟುತ್ತಾರೆ. ಸ್ಕೂಟಿ ಬಂದ ಮೇಲೆ ಬಸ್ಸಿನ ಸಹವಾಸ ಕಡಿಮೆಯಾಗಿತ್ತು. ಅವತ್ತು ಸ್ಕೂಟಿ ಕೈಕೊಟ್ಟಿತು, ಬಸ್ಸು ಹತ್ತಿದೆ. ಕುಕನೂರ ನಿಲ್ದಾಣದಲ್ಲಿ ಇಳಿದ ಕೂಡಲೇ ಮೂಗಿಗೆ ಬಡಿಯಿತು: ಕಾದ ಎಣ್ಣೆಯಲ್ಲಿ ಬೇಯುವ ಮಿರ್ಚಿ, ಪಕ್ಕದಲ್ಲಿ ಮಂಡಕ್ಕಿಯ ಒಗ್ಗರಣೆ, ಅದರ ಮೇಲೆ ಡೀಸೆಲ್ ಹೊಗೆ, ಮಳೆಗೆ ನೆನೆದ ಗೋಣಿಚೀಲ. ಬುಧವಾರವಾಗಿದ್ದರೂ ನನಗೆ ರವಿವಾರ ಅನ್ನಿಸಿತು. ಹಿಂದಿನ ಒಂದು ವರ್ಷದ ರವಿವಾರಗಳೆಲ್ಲ ನೆನಪಾದವು.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಹೊಸತು ಅದು. ಆ ಮಳೆಗಾಲದಿಂದ ಯುಗಾದಿಯ ಹೊತ್ತಿನವರೆಗೆ ನಾನೂ ನನ್ನ ಅತ್ತೆ ಗೌರವ್ವನವರೂ ರವಿವಾರ ರವಿವಾರ ಬಸ್ಸು ಹತ್ತಿ ಹಕ್ಕಿ ನೋಡಲು ಹೋಗುತ್ತಿದ್ದೆವು. ಹೇಳಿದರೆ ಜನ ನಗುತ್ತಾರೆ. ಅತ್ತೆ ಸೊಸೆ ಕೂಡಿ ದೇವರಿಗೆ ಹೋಗುವುದುಂಟು, ಸಂತೆಗೆ ಹೋಗುವುದುಂಟು, ಜಗಳ ಹೊತ್ತುಕೊಂಡು ಹಿರಿಯರ ಮುಂದೆ ಹೋಗುವುದೂ ಉಂಟು. ಹಕ್ಕಿ ನೋಡಲು ಹೋದವರನ್ನು ನಮ್ಮ ಓಣಿ ಕಂಡಿರಲಿಲ್ಲ. ಇನ್ನೂ ದೊಡ್ಡ ನಗೆಯ ಸಂಗತಿಯೆಂದರೆ, ಆ ವರ್ಷ ನಮ್ಮತ್ತೆಗೆ ಕಣ್ಣೇ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು, ಗಾಢ ಬಣ್ಣದ ಛಾಯೆ ಬಿಟ್ಟರೆ ಬೇರೇನೂ ತಿಳಿಯದಷ್ಟು ಮಬ್ಬಾಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಪರೇಷನ್ ಮಾಡಿಸು ಅನ್ನುತ್ತಾರೆ, ಮಾಡಿಸಿದರೆ ಇದ್ದ ಬೆಳಕೂ ಹೋಗುತ್ತದೆ ಎಂಬ ಭಯ ಅವರನ್ನು ಬಿಗಿಯಾಗಿ ಹಿಡಿದಿತ್ತು. ಎಳ್ಳಮವಾಸ್ಯೆ ದಾಟುವವರೆಗೆ ನನಗೂ ಅದು ತಿಳಿಯಲಿಲ್ಲ. ದಿನವಿಡೀ ಊರವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವವಳು ನಾನು! ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಹಕ್ಕಿಯ ಹುಚ್ಚು ನನಗೆ ಹತ್ತಿದ್ದು ಧಾರವಾಡದಲ್ಲಿ ಓದುವಾಗ. ಆಗ ಕೊಂಡ ದುರ್ಬೀನು ಮದುವೆಯಾದ ಮೇಲೆ ಬಾಗಿಲ ಹಿಂದಿನ ಮೊಳೆಗೆ ಜೋತುಬಿದ್ದು, ಅದರ ಮೇಲೆ ಒಣಗಿದ ಬಟ್ಟೆಗಳು ಬಂದು ಕೂತಿದ್ದವು. ಗಂಡ ವೀರೇಶ ಬೀಜದ ಕಂಪನಿಯ ಸುತ್ತಾಟದ ಕೆಲಸದವರು. ವಾರವಿಡೀ ತಿರುಗಿ ರವಿವಾರ ಮಲಗುತ್ತಾರೆ. “ಒಬ್ಬಾಕಿನ ಹೋಗಿ ಬಾ, ನಾ ಏನ್ ಬ್ಯಾಡ ಅಂತೀನೇನು?” ಅನ್ನುತ್ತಿದ್ದರು. ಒಮ್ಮೆ ಒಬ್ಬಳೇ ಊರ ಹಿಂದಿನ ಗುಡ್ಡಕ್ಕೆ ಹೋಗಿ ಬಂದೆ. ಮನೆ ಮುಟ್ಟುವಷ್ಟರಲ್ಲಿ ಓಣಿಯ ಮೂರು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: ಗುಡ್ಡಕ್ಕ ಯಾಕ, ಯಾರ ಜೋಡಿ, ಕೊರಳಾಗಿಂದು ಏನು. ಮುಂದಿನ ವಾರ ನಾನು ಹೋಗಲಿಲ್ಲ. ಮೊಳೆಯ ಮೇಲೆ ಮತ್ತೆ ಬಟ್ಟೆ ಬಿದ್ದವು.

ಅದರ ಮುಂದಿನ ರವಿವಾರ ನಸುಕಿನಲ್ಲೇ ಅತ್ತೆ ಸ್ನಾನ ಮುಗಿಸಿ, ಸೆರಗು ಬಿಗಿದು, ಎಲೆ ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿ ಪಡಸಾಲೆಯಲ್ಲಿ ಕೂತಿದ್ದರು.

“ನಡಿಯಬೇ, ನಾನೂ ಬರ್ತೀನಿ. ಅತ್ತಿ ಜೋಡಿ ಹೊಂಟಾಳ ಅಂದ್ರ ಯಾವ ಬಾಯಿ ಏನಂತೈತಿ?”

“ನಿಮಗ ಬಿಸಲಾಗ ಅಡ್ಡಾಡೂದು ಆಗತೈತೇನ್ರಿ ಅತ್ತಿ?”

“ನಿನಗಿಂತ ಮೊದಲ ಹುಟ್ಟೀನಿ, ನಿನಗಿಂತ ಮೊದಲ ಹೊಲ ತಿರಗೀನಿ. ಬಸ್ಸೂ ಪುಕ್ಕಟ, ಬಿಸಲೂ ಪುಕ್ಕಟ. ನಡಿ.”

ಹೊರಡುವ ಮೊದಲು ಒಂದು ತಕರಾರು ತೆಗೆದರು. ನಾನು ಮಣ್ಣಿನ ಬಣ್ಣದ ಚೂಡಿದಾರ ಹಾಕಿದ್ದೆ. ಹಕ್ಕಿ ನೋಡುವವರು ಹಾಗೇ ಹಾಕಬೇಕು, ಬಣ್ಣ ಕಂಡರೆ ಹಕ್ಕಿ ಹಾರಿಹೋಗುತ್ತವೆ. ಅತ್ತೆ ಒಪ್ಪಲಿಲ್ಲ. ನೀನೇನು ವಿಧವೆಯೇನು, ಕೆಂಪು ಓಢಣಿ ಹಾಕಿಕೋ ಎಂದು ಹಟ ಹಿಡಿದರು. ಜೊತೆಗೆ ಬರುವವರ ಮಾತು ಮೀರುವಂತಿರಲಿಲ್ಲ. ಹಾಗಾಗಿ ಆ ವರ್ಷವಿಡೀ ನಾನು ಕುಂಕುಮದ ಬಣ್ಣದ ಓಢಣಿ ಹೊದ್ದು ಹಕ್ಕಿ ನೋಡಿದೆ. ಎಷ್ಟು ಹಕ್ಕಿ ನನ್ನನ್ನು ಕಂಡು ಓಡಿಹೋದವೋ ದೇವರೇ ಬಲ್ಲ.

ಕುಕನೂರು ದಾಟಿ ಹೋಗುವ ಯಲಬುರ್ಗಾ ಬಸ್ಸಿನ ಕಂಡಕ್ಟರ್ ಖಾಜಾಸಾಬರು ನಮಗೆ ಬೇಗ ಗುರುತಾದರು. ಆಗಿನ ಬಸ್ಸುಗಳು ಹೇಗಿದ್ದವೆಂದರೆ, ಹತ್ತುವವರು ಹೆಂಗಸರು, ಇಳಿಯುವವರು ಹೆಂಗಸರು, ನಡುವೆ ಕಂಬಿ ಹಿಡಿದು ಗೊಣಗುವವರು ಗಂಡಸರು. ಅತ್ತೆಗೆ ಆ ಗೊಣಗಾಟ ಕೇಳುವುದೇ ಹಬ್ಬ. ಆಧಾರ್ ಕಾರ್ಡನ್ನು ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆಗೇ ಇಟ್ಟಿದ್ದರಿಂದ ಅದರ ಮೇಲಿನ ಅವರ ಮುಖ ಅರ್ಧ ಬೆಳ್ಳಗಾಗಿತ್ತು. ಖಾಜಾಸಾಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಯವ್ವಾರ, ಇವತ್ತ ಯಾವ ಹಕ್ಕಿ?” ಎಂದು ಕೇಳುತ್ತಿದ್ದರು.

“ನಿನ್ನ ಬಸ್ಸಿನ್ಯಾಗ ಐತಲ್ಲಪಾ, ಕಾಗಿ ಹಿಂಡು. ನಿಂತಕೊಂಡ ಕಾ ಕಾ ಅನ್ನಾಕ ಹತ್ಯಾವು,” ಎಂದು ಅತ್ತೆ ನಿಂತ ಗಂಡಸರ ಕಡೆ ಗದ್ದ ತೋರಿಸುತ್ತಿದ್ದರು. ಬಸ್ಸಿನ ಹೆಂಗಸರೆಲ್ಲ ಗೊಳ್ಳೆನ್ನುತ್ತಿದ್ದರು.

ಮಳೆಗಾಲದ ಆ ಮೊದಲ ತಿಂಗಳುಗಳಲ್ಲಿ ನಾವು ಯಲಬುರ್ಗಾ ಕಡೆಯ ಎರೆಭೂಮಿಯಲ್ಲೇ ಹೆಚ್ಚು ತಿರುಗಿದೆವು. ಬಸ್ಸು ನಿಲ್ಲಿಸಿದಲ್ಲಿ ಇಳಿಯುವುದು, ಬದುವಿನ ಮೇಲೆ ನಡೆಯುವುದು, ಕೆರೆಯೋ ಹಳ್ಳವೋ ಸಿಕ್ಕಲ್ಲಿ ಬುತ್ತಿ ಬಿಚ್ಚುವುದು. ಮೋಡ ಕಟ್ಟಿದ ಆಕಾಶದಲ್ಲಿ ನೆಲಗುಬ್ಬಿ ನೆಟ್ಟಗೆ ಮೇಲಕ್ಕೇರಿ ಹಾಡುತ್ತ ನಿಲ್ಲುತ್ತಿತ್ತು. ಹೆಸರಿನ ಹೊಲದ ನಡುವಿಂದ ಗೌಜುಗ ಬುರ್ರೆಂದು ಎದ್ದು ಎದೆ ಹಾರಿಸುತ್ತಿತ್ತು. ನಾನು ದುರ್ಬೀನು ಅತ್ತೆಯ ಕೈಗೆ ಕೊಟ್ಟು “ಅಲ್ನೋಡ್ರಿ” ಅನ್ನುತ್ತಿದ್ದೆ. ಅವರು ಕಣ್ಣಿಗಿಟ್ಟುಕೊಂಡು “ಹ್ಞೂ, ಕಂಡ್ತು. ಛಂದ ಐತಿ” ಅನ್ನುತ್ತಿದ್ದರು. ಎಲ್ಲಾ ಹಕ್ಕಿಯೂ ಅವರಿಗೆ ಛಂದವೇ. ಬಿಸಿಲು ತಡೆಯುವುದಿಲ್ಲ ಎಂದು ಕಪ್ಪು ಕನ್ನಡಕ ಹಾಕಿರುತ್ತಿದ್ದರು, ಏರುತಗ್ಗು ಬಂದರೆ ನನ್ನ ಭುಜದ ಮೇಲೆ ಕೈಯಿಡುತ್ತಿದ್ದರು. ವಯಸ್ಸಾದವರು, ಇಡಲಿ ಬಿಡು ಎಂದುಕೊಂಡಿದ್ದೆ.

ಒಂದು ರವಿವಾರ ಯಲಬುರ್ಗಾದ ಆಚೆ ಒಂದು ಹೊಲದ ಬದುವಿನಲ್ಲಿ ನಿಂತಿದ್ದಾಗ ಒಬ್ಬ ರೈತ, ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಇನ್ನಿಬ್ಬರು ಓಡುತ್ತಾ ಬಂದರು. ಆ ಸೀಮೆಯಲ್ಲಿ ಗಾಳಿಯಂತ್ರಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಜನ ಅವನ್ನು ಫ್ಯಾನು ಅನ್ನುತ್ತಾರೆ.

“ಫ್ಯಾನಿನ ಕಂಪನ್ಯಾರೇನ್ರಿ? ಆ ಹೊಲ ನೋಡಬ್ಯಾಡ್ರಿ, ಅದು ಬರೇ ತಗ್ಗು. ನಮ್ಮದು ನೋಡ್ರಿ, ದಿಬ್ಬದ ಮ್ಯಾಲೈತಿ, ಗಾಳಿ ಅಂದ್ರ ಗಾಳಿ!” ರೈತ ಏದುಸಿರು ಬಿಡುತ್ತ ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ದುರ್ಬೀನು ಕಣ್ಣಿಗಿಟ್ಟು ಅವನ ದಿಬ್ಬದ ಕಡೆ ಗಂಭೀರವಾಗಿ ತಿರುಗಿದರು. “ಗಾಳಿ ಐತಿ ಖರೆ. ಫ್ಯಾನ್ ತಿರಗೂ ಸಪ್ಪಳಕ್ಕ ನಿಮ್ಮ ಎಮ್ಮಿ ಹಾಲು ಕೊಡತಾವೇನು, ಅದನ ಮೊದಲ ಹೇಳು.”

ರೈತ ತಲೆ ಕೆರೆದುಕೊಂಡ. ಅವನ ಹೆಂಡತಿ ಮಾತ್ರ ಅತ್ತೆಯನ್ನೇ ನೋಡುತ್ತಿದ್ದವಳು ಕಿಸಕ್ಕನೆ ನಕ್ಕಳು. “ಯವ್ವಾ, ದುರ್ಬೀನು ಉಲ್ಟಾ ಹಿಡದೀರಲ್ರಿ!”

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಹಕ್ಕಿ ನೋಡಲು ಬಂದವರೆಂದು ತಿಳಿದ ಮೇಲೆ ಆ ಹೆಣ್ಣುಮಗಳು ನಮ್ಮ ಉಡಿಗೆ ಹಸಿ ಹೆಸರಕಾಯಿ ಸುರಿದಳು. ಬಸ್ಸಿನಲ್ಲಿ ಅದನ್ನು ಸುಲಿದು ತಿನ್ನುತ್ತಾ, ಅತ್ತೆ ಎಷ್ಟು ಚೆನ್ನಾಗಿ ಆಟ ಕಟ್ಟಿದರು ಎಂದು ನಾನು ಹೊಗಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಚಳಿ ಬಂತು. ಕುಷ್ಟಗಿ ಕಡೆ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಗುಲಾಬಿ ಕಬ್ಬಕ್ಕಿಗಳೂ ಬಂದವು. ಕಪ್ಪು ತಲೆ, ತಿಳಿ ಗುಲಾಬಿ ಮೈ. ಎಲ್ಲಿಯದೋ ದೂರದ ದೇಶದಿಂದ ನಮ್ಮ ಜೋಳ ತಿನ್ನಲು ಬರುತ್ತವೆ. ಸಾವಿರ ಹಕ್ಕಿ ಒಮ್ಮೆಲೇ ತಿರುಗಿದಾಗ ಒಗೆದ ಸೀರೆಯನ್ನು ಇಬ್ಬರು ಹಿಡಿದು ಝಾಡಿಸಿದ ಹಾಗೆ ಸಪ್ಪಳ. ಅತ್ತೆ ಸಣ್ಣವರಿದ್ದಾಗ ಹೊಲ ಕಾಯುವ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಇವನ್ನು ಓಡಿಸಿದವರು. ಸಪ್ಪಳ ಕೇಳಿದ ಕೂಡಲೇ ಅವರ ಕೈ ಮೇಲಕ್ಕೆದ್ದಿತು. “ಬಂದ್ರು ನೋಡು ಕಳ್ಳ ನನಮಕ್ಕಳು!” ಎಂದು ಕೂಗಿದವರು, ಆಮೇಲೆ ತಮಗೆ ತಾವೇ ಅನ್ನುವಂತೆ, “ತಿನ್ರಿ ತಿನ್ರಿ, ಇವತ್ತ ನನ್ನ ಹೊಲ ಅಲ್ಲ” ಎಂದರು. ಅವತ್ತು ಅವರ ಮುಖ ಹುಡುಗಿಯ ಮುಖದಂತಿತ್ತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಜೋಳದ ಹೊಲವನ್ನೇ ತೋರಿಸುತ್ತೇನೆ. ಅಲ್ಲಿಯವರೆಗೆ ಇದ್ದದ್ದು ಮರ್ಯಾದೆ.

ಎಳ್ಳಮವಾಸ್ಯೆಯಲ್ಲಿ ನೆಂಟರ ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಹೊಟ್ಟೆ ಬಿರಿಯುವಂತೆ ಉಂಡು ಬಂದೆವು. ಅದಾದ ಒಂದೆರಡು ವಾರಕ್ಕೆ ನನ್ನ ತಲೆಯಲ್ಲಿ ಹಳದಿ ಗಂಟಲಿನ ಪಿಕಳಾರ ಹೊಕ್ಕಿತು. ಬಂಡೆಗುಡ್ಡಗಳಲ್ಲಷ್ಟೇ ಇರುವ, ಸುಲಭಕ್ಕೆ ಸಿಗದ ಹಕ್ಕಿ. ನನ್ನ ತವರು ಗಂಗಾವತಿ. ಆ ಸುತ್ತಿನ ಗುಡ್ಡಗಳಲ್ಲಿ ಅದು ಇದೆಯೆಂದು ಕೇಳಿದ್ದೆ, ಕಂಡಿರಲಿಲ್ಲ. ಕೊಪ್ಪಳದಿಂದ ಗಂಗಾವತಿ, ಅಲ್ಲಿಂದ ಹುಲಿಹೈದರ ಎಂಬ ಊರಿನ ಬಸ್ಸು ಹಿಡಿದು, ದಾರಿಯಲ್ಲೇ ಒಂದು ಗುಡ್ಡದ ಬುಡದಲ್ಲಿ ಇಳಿದೆವು. ಎಳೆಬಿಸಿಲು. ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಕಲ್ಲುಗಳ ನಡುವೆ ಕುರಿಗಳು ಓಡಾಡಿ ಮಾಡಿದ ಸಣ್ಣ ದಾರಿ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು ಹತ್ತಿದರು. ಅವರ ಹೆಜ್ಜೆ ನನ್ನ ಹೆಜ್ಜೆ ಬಿದ್ದಲ್ಲೇ ಬೀಳುತ್ತಿತ್ತು.

ಅರ್ಧ ಗುಡ್ಡ ಹತ್ತಿ ಒಂದು ಬಂಡೆಯ ತಿರುವು ದಾಟಿದೆವು. ಎದುರಿಗೇ, ಕೈಗೆ ಸಿಗುವಷ್ಟು ಹತ್ತಿರದ ಬಂಡೆಯ ಸಂದಿನಲ್ಲಿ, ಕೊಂಬಿನ ಗೂಬೆ ಕೂತಿತ್ತು. ಎರಡು ಕೊಂಬು ನಿಮಿರಿಸಿ, ಕಿತ್ತಳೆ ಬಣ್ಣದ ಕಣ್ಣು ಅರಳಿಸಿ ನಮ್ಮನ್ನೇ ನೋಡುತ್ತಿತ್ತು.

ನಮ್ಮ ಮನೆಯಲ್ಲಿ ಗೂಬೆಯ ಹೆಸರೆತ್ತುವ ಹಾಗಿಲ್ಲ. ಅದನ್ನು ಗೂಗಿ ಅನ್ನುತ್ತಾರೆ, ಅದೂ ಅನಿವಾರ್ಯವಾದರೆ ಮಾತ್ರ. ಒಂದು ಮುಸ್ಸಂಜೆ ಪಕ್ಕದ ಬೇವಿನ ಮರದಲ್ಲಿ ಗೂಗಿ ಕೂಗಿತೆಂದು ಅತ್ತೆ ನನ್ನಿಂದ ಗ್ಯಾಸು ಹೊತ್ತಿಸಿ, ಉರಿಯ ಮೇಲೆ ಹಿಡಿ ಉಪ್ಪು ಸುರಿದಿದ್ದರು. ಬರ್ನರ್ ತುಕ್ಕು ಹಿಡಿದು ವೀರೇಶ ಬೈದದ್ದೂ ಆಗಿತ್ತು. ಹೊರಟ ದಾರಿಯಲ್ಲಿ ಅದು ಕಂಡರಂತೂ ಚಪ್ಪಲಿ ತಿರುಗಿಸಿ ಮನೆಗೆ ನಡೆಯುವವರು ಅವರು. ಹಾಗಾಗಿ ನಾನು ಹೆಸರು ಹೇಳಲಿಲ್ಲ. ಬೈಸಿಕೊಳ್ಳಲು ತಯಾರಾಗಿಯೇ, ಅವರ ಮುಂಗೈ ಹಿಡಿದು ಪಿಸುಗುಟ್ಟಿದೆ.

“ಅತ್ತಿ, ನೆಟ್ಟಗ ಮುಂದ ನೋಡ್ರಿ.”

ಅತ್ತೆ ಕಪ್ಪು ಕನ್ನಡಕ ಹಣೆಗೇರಿಸಿ, ನೆಟ್ಟಗೆ ಗೂಬೆಯ ಮುಖಕ್ಕೇ ಮುಖ ಕೊಟ್ಟು ನಿಂತರು. ನಿಧಾನವಾಗಿ ನಕ್ಕರು.

“ಕಂಡ್ತು ಕಂಡ್ತು. ಎಷ್ಟ ಛಂದ ಐತಿಬೇ! ಮುಂಜಾನೆದ್ದು ಇಂಥಾದ್ದರ ಮಾರಿ ನೋಡಬೇಕ ನೋಡು.”

ನನಗೆ ನಗು ಬರಲಿಲ್ಲ. ಮನೆಯ ಮಬ್ಬುಬೆಳಕಿನಲ್ಲಿ ನಾನು ಗಮನಿಸದ ಅವರ ಕಣ್ಣು, ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಅವತ್ತೇ ಮೊದಲ ಸಲ ಕನ್ನಡಕವಿಲ್ಲದೆ ಕಂಡವು. ಕಪ್ಪಿರಬೇಕಾದಲ್ಲಿ ಬೂದಿ ಬಿಳಿ. ದುರ್ಬೀನು ಉಲ್ಟಾ ಹಿಡಿದದ್ದು, ತಡವಾಗಿ ನಕ್ಕದ್ದು, ಭುಜದ ಮೇಲಿನ ಕೈ, ಮಬ್ಬಿನಲ್ಲೂ ಗುರುತು ಸಿಗಲೆಂದು ಹಾಕಿಸಿದ ಕೆಂಪು ಓಢಣಿ, ಎಲ್ಲವೂ ಒಟ್ಟಿಗೇ ನನಗೆ ಅರ್ಥವಾದವು.

“ಅತ್ತಿ, ಅದು ಗೂಗಿ ರೀ.”

ಅವರ ನಗು ಹಾಗೇ ನಿಂತಿತು. ಕೈ ತಾನಾಗಿಯೇ ಎದೆಗೆ ಹೋಯಿತು. ಗೂಬೆ ರೆಕ್ಕೆ ಬಿಚ್ಚಿ ಸಪ್ಪಳವಿಲ್ಲದೆ ಕಣಿವೆಗಿಳಿದು ಹೋಯಿತು. ಅದು ಹೋದದ್ದೂ ಅವರಿಗೆ ತಿಳಿಯಲಿಲ್ಲ. ಇನ್ನೂ ಆ ಬಂಡೆಯ ಕಡೆಗೇ ಮುಖ ಮಾಡಿದ್ದರು.

“ಹೋತ್ರಿ ಅದು. ಕುಂದರ್ರಿ.” ಕೈಹಿಡಿದು ಬಂಡೆಯ ಮೇಲೆ ಕೂರಿಸಿದೆ. “ಎಷ್ಟ ದಿನಾ ಆತ್ರಿ ಹಿಂಗಾಗಿ?”

“ದಿನಾ ಎಲ್ಲಿದು. ವರ್ಷ ಕೇಳು.”

“ಮತ್ತ ಹೇಳಬಾರದೇನ್ರಿ! ಈ ಗುಡ್ಡದಾಗ ಕಾಲ ಜಾರಿದ್ರ ಏನ್ ಗತಿ?” ನನ್ನ ದನಿ ಏರಿತ್ತು.

ಅತ್ತೆ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದರು. ಕಣ್ಣಿಲ್ಲದೆಯೂ ಬೆರಳು ತಪ್ಪಲಿಲ್ಲ. “ಹೇಳಿದ್ರ ಏನ್ ಮಾಡ್ತಿದ್ರಿ? ನನ್ನ ಮನ್ಯಾಗ ಕುಂದ್ರಸ್ತಿದ್ರಿ. ನಾ ಕುಂತ್ರ ನೀನೂ ಕುಂದ್ರತಿದ್ದಿ. ಆ ದುರ್ಬೀನಿನ ಮ್ಯಾಲ ಅಂಗಿ ಒಣಗಸ್ತಿದ್ದಿ.” ಅಡಿಕೆ ಬಾಯಿಗೆ ಹಾಕಿಕೊಂಡು ಅಗಿದರು. “ಮನ್ಯಾಗಿದ್ರ ನಾ ಕುಡ್ಡಿ ಆಗಿ ಕುಂದ್ರಬೇಕಬೇ. ಬಸ್ಸಿನ್ಯಾಗ ಕುಂತ್ರ ಎಲ್ಲಾರಗತೆ ನಾನೂ ಪ್ಯಾಸೆಂಜರ.”

ಆಮೇಲೆ ಅಕ್ಕನ ಕಥೆ ಹೇಳಿದರು. ಅವರ ಅಕ್ಕ ನೀಲವ್ವ, ಬಹಳ ಹಿಂದೆ, ಎಲ್ಲಿಯೋ ಕಣ್ಣು ತೋರಿಸಿ ಪೊರೆ ತೆಗೆಸಿಕೊಂಡು ಬಂದು, ಕೀವಾಗಿ ಆ ಕಣ್ಣನ್ನೇ ಕಳೆದುಕೊಂಡಳಂತೆ. “ಒಂದ ಕಣ್ಣು ಹೋತು ಅಂತ ಆಕಿನ್ನ ಒಂದ ಮೂಲ್ಯಾಗ ಕುಂದ್ರಿಸಿದ್ರು. ಎದ್ದು ಬರಲೇ ಇಲ್ಲ ಆಕಿ.” ಗುಡ್ಡ ಇಳಿಯುವಾಗ ಅವರು ಭುಜ ಹಿಡಿಯಲಿಲ್ಲ. ಓಢಣಿಯ ತುದಿ ಹಿಡಿದರು. ನಾನು ಒಂದೊಂದು ಕಲ್ಲನ್ನೂ ಬಾಯಿಬಿಟ್ಟು ಹೇಳುತ್ತಾ ಇಳಿಸಿದೆ. ಪಿಕಳಾರದ ನೆನಪೇ ಬರಲಿಲ್ಲ.

ಮನೆಯಲ್ಲಿ ಸಂಗತಿ ಕೇಳಿ ವೀರೇಶ ಹಾರಾಡಿದರು. ಕಣ್ಣಿಲ್ಲದ ಅವ್ವನನ್ನು ಗುಡ್ಡ ಹತ್ತಿಸಿದಳೆಂದು ನನ್ನ ಮೇಲೆ ಸಿಟ್ಟು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತಮಗೆ ಗೊತ್ತಾಗಲಿಲ್ಲವೆಂದು ತಮ್ಮ ಮೇಲೆ ಸಿಟ್ಟು. ಎರಡನೆಯದನ್ನೂ ನನ್ನ ಮೇಲೇ ಹಾಕಿದರು.

“ಆಕಿ ಹತ್ತಿಸಿಲ್ಲಲೇ, ನಾ ಹತ್ತೀನಿ,” ಎಂದರು ಅತ್ತೆ ಒಳಗಿಂದ.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ ಮಾತು ತೇಲಿಸಲಿಲ್ಲ. ಬಲಗಣ್ಣಿನ ಪೊರೆ ಪೂರಾ ಬಲಿತಿದೆ, ಇನ್ನೂ ಬಿಟ್ಟರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗುತ್ತದೆ, ತೆಗೆಸಿದರೆ ಕಾಣಬಹುದು, ಆದರೆ ಇಷ್ಟು ಗಟ್ಟಿಯಾದ ಮೇಲೆ ಪೂರ್ತಿ ಭರವಸೆ ಕೊಡಲಾರೆ ಎಂದರು. ಅತ್ತೆ ಆ ಕೊನೆಯ ಮಾತೊಂದನ್ನೇ ಗಟ್ಟಿಯಾಗಿ ಹಿಡಿದರು. ಭರವಸೆ ಇಲ್ಲದ ಮೇಲೆ ಯಾಕೆ ಎಂದು ಮನೆಗೆ ಬಂದು ಮುಸುಕು ಹೊದ್ದರು. ವೀರೇಶ ಬೇಡಿಕೊಂಡರು, ಗದರಿದರು. ನಾನು ನಂಜು ತಡೆಯುವ ಈಗಿನ ಔಷಧಿಗಳ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ದಿನಗಳು ಹೋಗುತ್ತಿದ್ದವು, ಆ ಕಣ್ಣೊಳಗೆ ಏನು ನಡೆಯುತ್ತಿದೆಯೋ ಎಂದು ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ರವಿವಾರ ಬಂತು. ಎಲ್ಲಿಗೂ ಹೋಗಕೂಡದು ಎಂದು ವೀರೇಶ ಅಪ್ಪಣೆ ಮಾಡಿ ಮಲಗಿದ್ದರು. ಅತ್ತೆ ಪಡಸಾಲೆಯಲ್ಲಿ ಸಂಚಿ ಹಿಡಿದು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಗುಡ್ಡ ಬೇಡ, ನೆಲ ಸಪಾಟಾದ ಕಡೆ ಹೋಗೋಣ ಎಂದು ಗಂಗಾವತಿ ಮೇಲೆ ಸಿದ್ದಾಪುರಕ್ಕೆ ಕರೆದುಕೊಂಡು ಹೋದೆ.

ಕಾಲುವೆಯ ನೀರು ಬಿಟ್ಟು ಬೇಸಿಗೆ ಭತ್ತದ ನಾಟಿ ನಡೆದಿತ್ತು. ಕಣ್ಣು ಹರಿಯುವವರೆಗೂ ನೀರು, ನೀರಿನಲ್ಲಿ ಆಕಾಶ, ನಾಟಿಯ ಹೆಂಗಸರ ತೆಲುಗು ಬೆರೆತ ಮಾತು. ಬೆಳ್ಳಕ್ಕಿಗಳು ಅವರ ಹಿಂದೆ ಹಿಂದೆ ನಡೆಯುತ್ತಿದ್ದವು. ಕಾಲುವೆಯ ಏರಿಯ ಮೇಲೆ ಕೂತೆವು. ನಾನು ಅಭ್ಯಾಸಬಲದಿಂದ “ಅಲ್ನೋಡ್ರಿ” ಎಂದು ನಾಲಿಗೆ ಕಚ್ಚಿಕೊಂಡೆ.

“ನನಗ ಏನೂ ಕಾಣವಲ್ದು. ನೀನ ಹೇಳು, ಏನೈತಿ?” ಎಂದರು ಅತ್ತೆ. ಆ ಮಾತು ಹೇಳಿದ್ದೇ ಅವರಿಗೆ ಹಗುರಾದಂತೆ ಕಂಡಿತು.

“ಬೆಳ್ಳಕ್ಕಿ ರೀ. ಬೆಳ್ಳಗದಾವು.”

“ಬಿಳಿ ಅಂದ್ರ ಎಂಥಾ ಬಿಳಿ? ಸುಣ್ಣದ ಬಿಳಿನೋ, ಹಾಲಿನ ಬಿಳಿನೋ?”

ಇಷ್ಟು ವರ್ಷ ನೋಡಿದ ಬೆಳ್ಳಕ್ಕಿಯ ಬಿಳಿ ಎಂಥದೆಂದು ನಾನು ಕೇಳಿಕೊಂಡಿರಲೇ ಇಲ್ಲ. ಮತ್ತೆ ನೋಡಿದೆ. ಎದೆಯದು ಸುಣ್ಣ, ರೆಕ್ಕೆಯ ಒಳಗಿನದು ಮಜ್ಜಿಗೆ ಎಂದೆ. ಕಾಲು? ಇದ್ದಿಲು. ಅದು ಹೇಗೆ ನಡೆಯುತ್ತದೆ? ಹೊಸ ಸೀರೆ ಉಟ್ಟವಳು ಕೆಸರು ದಾಟಿದ ಹಾಗೆ. ಅತ್ತೆ ನಕ್ಕರು. ಸಂಜೆಯವರೆಗೆ ಹೀಗೇ ಕೇಳಿದರು, ನಾನು ಹೇಳಿದೆ. ನೀಲಕಂಠ ಹಾರಿದಾಗ ಅದರ ನೀಲಿಗೆ ಮಾತು ಸಿಗದೆ ಸೋತು ಕೂತೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹಕ್ಕಿ ನೋಡಿದ್ದಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವರು ಒಮ್ಮೆಲೇ ಹೇಳಿದರು: “ಆ ನೀಲಿ ಹಕ್ಕಿದು ನಿನಗ ಹೇಳಾಕ ಬರಲಿಲ್ಲ ನೋಡು. ಅದನ್ನ ನಾನ ನೋಡಬೇಕು.”

ಮನೆಗೆ ಬಂದವರು ಮಗನನ್ನು ಎದುರಿಗೆ ಕೂರಿಸಿಕೊಂಡರು. “ವೀರ್ಯಾ, ಆಪರೇಷನ್ ಮಾಡಿಸ್ಕೊಂತೀನಿ. ಆದ್ರ ಒಂದ ಮಾತು. ಕಣ್ಣು ಬಂದ್ರೂ ಅಷ್ಟ, ಹೋದ್ರೂ ಅಷ್ಟ, ನನ್ನ ಮೂಲ್ಯಾಗ ಕುಂದ್ರಸಬಾರ್ದು. ನಾವಿಬ್ಬರೂ ರವಿವಾರ ಬಸ್ಸು ಹತ್ತೂದ ಹತ್ತೂದು. ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು.”

ವೀರೇಶ ಕೈ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು, ಅತ್ತೆಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ.

ಯುಗಾದಿಗೆ ಇನ್ನೂ ಸ್ವಲ್ಪ ದಿನವಿತ್ತು, ಬಿಸಿಲು ಬಲಿಯತೊಡಗಿತ್ತು. ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಬೇಕು. ಅತ್ತೆ ಮಂಚದ ಅಂಚಿಗೆ, ಸ್ಟಾಪು ಬರುವ ಮೊದಲೇ ಎದ್ದು ನಿಲ್ಲುವ ಪ್ಯಾಸೆಂಜರಿನ ಹಾಗೆ, ತುದಿಗಾಲಲ್ಲಿ ಕೂತಿದ್ದರು. ನಾನು ಅವರ ಕೈ ಹಿಡಿದಿದ್ದೆ. ಡಾಕ್ಟರು ಪಟ್ಟಿ ತೆಗೆದರು, ಹನಿ ಹಾಕಿದರು, ನಿಧಾನ ಕಣ್ಣು ಬಿಡಿ ಅಂದರು. ಅತ್ತೆ ಬಿಡಲಿಲ್ಲ. ಇನ್ನೊಮ್ಮೆ ಅಂದರು.

ರೆಪ್ಪೆ ಬಿಚ್ಚಿತು. ನೀರು ಸುರಿಯಿತು. ಅತ್ತೆ ಅತ್ತಿತ್ತ ತಲೆಯಾಡಿಸಿ, ಕಿಟಕಿಯ ಕಡೆ ನೋಡಿ, ಎದುರಿಗೆ ನಿಂತ ಮಗನ ಮೇಲೆ ದೃಷ್ಟಿ ನಿಲ್ಲಿಸಿದರು.

“ಲೇ ವೀರ್ಯಾ, ತಲಿಮ್ಯಾಗಿನ ಕೂದಲಾ ಎಲ್ಲಿ ಹೋದ್ವೋ?”

ಡಾಕ್ಟರು ಜೋರಾಗಿ ನಕ್ಕರು. ವೀರೇಶ ನಗುತ್ತಾ ಅಳುತ್ತಾ ಹೊರಗೆ ಹೋದರು. ನಾನೂ ನಕ್ಕೆ. ನಗುತ್ತಿರುವಾಗಲೇ ಅತ್ತೆಯ ಕಣ್ಣು ನನ್ನ ಕಡೆ ಹೊರಳಿತು, ಅಲ್ಲೇ ನಿಂತಿತು.

ಬಹಳ ಹೊತ್ತು ನೋಡಿದರು. ಹಣೆ, ಮೂಗು, ಕೆನ್ನೆ, ಮತ್ತೆ ಹಣೆ. ನನ್ನ ಬಣ್ಣ ಕಪ್ಪು. ಇವರಿಗಿಂತ ಮೊದಲು ಎರಡು ಮನೆಯವರು ಗಂಗಾವತಿಗೆ ನನ್ನನ್ನು ನೋಡಲು ಬಂದು, ಅವಲಕ್ಕಿ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋಗಿದ್ದರು. ಇವರೊಬ್ಬರೇ ಬಣ್ಣದ ಮಾತೆತ್ತದೆ ಕೂತಲ್ಲೇ ಒಪ್ಪಿದವರು. ದೊಡ್ಡ ಮನಸ್ಸಿನವರು ಎಂದು ನಮ್ಮವ್ವ ಈಗಲೂ ಹೇಳುತ್ತಾಳೆ. ಆ ಆಸ್ಪತ್ರೆಯ ಕೋಣೆಯಲ್ಲಿ, ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ, ನಾನು ಮತ್ತೆ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಂತಾಯಿತು.

“ಏನ್ರಿ ಅತ್ತಿ, ಗುರ್ತ ಸಿಗಲಿಲ್ಲೇನ್ರಿ?” ಎಂದೆ.

“ಗುರ್ತ ಸಿಗಾಕ ಮೊದಲ ನೋಡಿರಬೇಕಲ್ಲಬೇ.” ಅತ್ತೆ ಕೈ ಚಾಚಿ ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದರು. “ನಿನ್ನ ನೋಡಾಕ ಬಂದಾಗನ ನನ್ನ ಕಣ್ಣು ಮಬ್ಬಾಗಿದ್ವು. ಬಾಗಲದಾಗ ಯಾರೋ ನಿಂತಂಗ ಕಂಡಿತ್ತು, ಅಷ್ಟ. ಅಡಿಗಿ ಬರ್ತೈತೇನು ಅಂತ ಕೇಳಿದೆ. ಬರ್ತೈತ್ರಿ, ಆದ್ರ ದಿನಾ ನಾ ಒಬ್ಬಾಕಿನ ಮಾಡಂಗಿಲ್ಲ ಅಂದಿ. ನಿಮ್ಮವ್ವ ಹಣಿ ಬಡಕೊಂಡ ಸಪ್ಪಳ ನನಗ ಕೇಳಿತ್ತು. ಆ ದನಿ ಕೇಳೇ ಹ್ಞೂ ಅಂದೆ ನಾ.”

ಅತ್ತೆ ಇನ್ನೊಮ್ಮೆ ನನ್ನನ್ನು ನೆತ್ತಿಯಿಂದ ಗದ್ದದವರೆಗೆ ನೋಡಿ, ಗದ್ದ ಬಿಟ್ಟರು.

“ಮಾರೀನೂ ಆ ದನಿಗೆ ತಕ್ಕಂಗ ಐತಿ, ತಗೋ.”